ಹೊಸ್ತಿಲ ಪೆಟ್ಟು

ನಾನು ನೆಲ ಬಡಿಯುವ ಒಂದು ಮಣೆ. ಮಣ್ಣಿನ ನೆಲವನ್ನು ಗಟ್ಟಿ ಮಾಡಲು ಹೆಂಗಸರು ಕುಕ್ಕರುಗಾಲಿನಲ್ಲಿ ಕುಳಿತು ಎತ್ತಿ ಇಳಿಸುವ ಸಾಧನ. ಅಡಿಯಲ್ಲಿ ಚಪ್ಪಟೆಯಾದ ದಪ್ಪ ಹಲಗೆ, ಹಿಂಬದಿಗೆ ಓರೆಯಾಗಿ ಎದ್ದ ಒಂದು ಹಿಡಿಕೆ; ನನ್ನ ದೇಹವೆಂದರೆ ಇಷ್ಟೇ. ಕಣ್ಣಿಗೆ ಚೆಂದವೆನಿಸುವುದು ನನ್ನಲ್ಲಿ ಏನೂ ಇಲ್ಲ. ಆದರೂ ದೇವರು ಈ ಲೋಕದಲ್ಲಿ ಯಾವುದನ್ನೂ ಕೆಲಸವಿಲ್ಲದೆ ಇಟ್ಟಿಲ್ಲ ಎಂದು ನಂಬಿಕೊಂಡು ಬಹುಕಾಲ ಬಾಳಿದೆ.

ನನ್ನ ಹುಟ್ಟು ಹಳಿಯಾಳದ ಕಡೆಯ ಕಾಡಿನಂಚಿನಲ್ಲಿ. ಅಲ್ಲಿ ಒಂದು ಹಳ್ಳದ ದಂಡೆಯ ಮೇಲೆ ಸಿದ್ದಿಗಳ ಕೇರಿ ಇತ್ತು. ನೂರಾರು ವರ್ಷಗಳ ಕೆಳಗೆ ಕಡಲಾಚೆಯ ಆಫ್ರಿಕದಿಂದ ಆಳುಗಳನ್ನಾಗಿ ಹಿಡಿದು ತಂದ ಜನರ ಮಕ್ಕಳ ಮಕ್ಕಳು ಇವರು. ಕಡಲನ್ನಾಗಲಿ ಹಡಗನ್ನಾಗಲಿ ಕಂಡವರು ಆ ಕೇರಿಯಲ್ಲಿ ಒಬ್ಬರೂ ಇರಲಿಲ್ಲ. ಅವರ ಮುತ್ತಜ್ಜಂದಿರೂ ಅದೇ ಹಳ್ಳದ ನೀರು ಕುಡಿದವರು. ಆದರೂ ಅವರು ಸಂತೆಗೆ ಹೋದರೆ, ಕಪ್ಪು ಮೈಯನ್ನೂ ಗುಂಗುರು ಕೂದಲನ್ನೂ ನೋಡಿ, ನೀವು ಯಾವ ದೇಶದವರು ಎಂದು ಕೇಳುವವರು ಇದ್ದೇ ಇದ್ದರು. ಹಾಗೆ ಕೇಳುವವನು ಮೊನ್ನೆ ಮೊನ್ನೆ ಆ ಊರಿಗೆ ವರ್ಗವಾಗಿ ಬಂದ ಗುಮಾಸ್ತನಾಗಿರುತ್ತಿದ್ದ.

ಒಂದು ವರ್ಷ ಗಾಳಿಗೆ ಕಾಡಿನ ಜಂಬೆ ಮರವೊಂದು ಕೊಂಬೆ ಮುರಿದುಕೊಂಡಿತು. ಇನಾಸನೆಂಬ ಸಿದ್ದಿ ಯುವಕ ಅದನ್ನು ಹೊತ್ತು ತಂದ. ಅವನ ಮದುವೆ ಗೊತ್ತಾಗಿತ್ತು. ಮದುಮಗ ತನ್ನ ಕೈಯಾರೆ ಒಂದು ಮಣೆ ಮಾಡಿ ಮದುಮಗಳಿಗೆ ಕೊಡುವುದು ಆ ಕೇರಿಯ ಪದ್ಧತಿ. ಜಂಬೆ ಕಬ್ಬಿಣದಂಥ ಮರ. ಇನಾಸನ ಬಾಚಿ ಮೊಂಡಾಯಿತು, ಅಂಗೈಯಲ್ಲಿ ಬೊಬ್ಬೆಗಳೆದ್ದವು. ಅವನು ಬಿಡಲಿಲ್ಲ. ಕೆತ್ತನೆ ಮುಗಿದ ಮೇಲೆ ನನ್ನ ಬೆನ್ನಿನ ಮೇಲೆ ಸಣ್ಣದೊಂದು ಶಿಲುಬೆ ಕೊರೆದ. ಅವರು ಯೇಸುಸ್ವಾಮಿಯ ಭಕ್ತರು; ಕೈಗೆ ಎತ್ತಿಕೊಳ್ಳುವ ಯಾವ ವಸ್ತುವಿಗೂ ಮೊದಲು ದೇವರ ಗುರುತು ಬೀಳಬೇಕು.

ಹೀಗೆ ನಾನು ಕಾರ್ಮಿಣಳ ಕೈಗೆ ಬಂದೆ.

ಕಾರ್ಮಿಣ ತೆಳ್ಳಗಿನ ಹುಡುಗಿ. ಅವಳ ಅತ್ತೆ ಲುಯಿಜಾಬಾಯಿ ಕೇರಿಗೇ ಹಿರಿಯಳು. ನೆಲದ ಕೆಲಸವೆಂದರೆ ಸುತ್ತಲಿನ ಊರುಗಳವರು ಅವಳನ್ನು ಕರೆಯುತ್ತಿದ್ದರು. ಕೆಮ್ಮಣ್ಣು, ಹುತ್ತದ ಮಣ್ಣು, ಹಳ್ಳದ ಮರಳು, ಸ್ವಲ್ಪ ಸುಣ್ಣ. ಇವನ್ನು ಬೆಲ್ಲದ ನೀರಿನಲ್ಲಿ ಕಲಸಿ ತುಳಿದು, ಕೊಳೆಹಾಕಿ, ಆಮೇಲೆ ಹಾಸುತ್ತಿದ್ದರು. ಹಾಸಿದ ಮಣ್ಣು ಬೆರಳಿಗೆ ಅಂಟದಷ್ಟು ಆರಿದಾಗ ನಮ್ಮ ಕೆಲಸ ಶುರು. ಒಬ್ಬಳೇ ಬಡಿದರೆ ನೆಲ ಒಂದೇ ಸಮ ಬರುವುದಿಲ್ಲ. ಕೇರಿಯ ಹೆಂಗಸರೆಲ್ಲ ತಮ್ಮ ತಮ್ಮ ಮಣೆ ಹಿಡಿದು ಬಂದು ಸಾಲಾಗಿ ಕೂರುತ್ತಿದ್ದರು. ಹಾಡಿನ ಗತಿಗೆ ಮಣೆಗಳೆಲ್ಲ ಒಟ್ಟಿಗೆ ಏಳಬೇಕು, ಒಟ್ಟಿಗೆ ಬೀಳಬೇಕು. ಅವರ ಮನೆಮಾತು ಕೊಂಕಣಿ ಬೆರೆತದ್ದು. ಕನ್ನಡ ಬಂದರೆ ಆ ಸೀಮೆಯ ಕನ್ನಡವೇ ಬರುತ್ತಿತ್ತು. ಮೊದಲ ದಿನ ಕಾರ್ಮಿಣ ನನ್ನನ್ನು ಅಂಜುತ್ತಂಜುತ್ತ ಎತ್ತಿದಳು. ಲುಯಿಜಾಬಾಯಿ ಕೈ ನಿಲ್ಲಿಸಿ ಕೇಳಿದಳು: "ಏನ ಸೊಸಿ, ನೆಲಾ ಬಡೀಲಿಕತ್ತಿಯೋ, ಮಲಗಸಾಕತ್ತಿಯೋ?"

ಹೆಂಗಸರೆಲ್ಲ ನಕ್ಕರು. ಆಮೇಲೆ ಕಾರ್ಮಿಣ ಹೊಡೆದ ಪೆಟ್ಟಿಗೆ ನನ್ನ ಮೈ ಜುಮ್ಮೆಂದಿತು.

ಅವರಲ್ಲಿ ಇನ್ನೊಂದು ಪದ್ಧತಿ ಇತ್ತು. ಅದನ್ನು ಹೇಳದೆ ನನ್ನ ಕಥೆ ಮುಂದೆ ಸಾಗದು. ನೆಲವನ್ನೆಲ್ಲ ಕೂಡಿ ಬಡಿದರೂ ಹೊಸ್ತಿಲಿಗೆ ತಾಗಿದ ಒಂದು ಗೇಣಿನಷ್ಟು ಜಾಗವನ್ನು ಹಾಗೇ ಬಿಡುತ್ತಿದ್ದರು. ಅಲ್ಲಿಗೆ ಬಂದ ಕೂಡಲೇ ಎಲ್ಲರ ಮಣೆಯೂ ನಿಲ್ಲುತ್ತಿತ್ತು, ಹಾಡೂ ನಿಲ್ಲುತ್ತಿತ್ತು. ಆ ಮನೆಯಲ್ಲಿ ಬಾಳಬೇಕಾದವಳು ಒಬ್ಬಳೇ ಮುಂದೆ ಬಂದು, ಶಿಲುಬೆಯ ಗುರುತು ಮಾಡಿಕೊಂಡು, ಕಡೆಯ ಪೆಟ್ಟುಗಳನ್ನು ಹಾಕಬೇಕು. ಅದೇ ಹೊಸ್ತಿಲ ಪೆಟ್ಟು. ಅದಾದ ಮೇಲೆ ಆ ಮನೆ ಅವಳದು. ಅದಕ್ಕೆ ಕಾಗದ ಪತ್ರ ಯಾರೂ ಕೇಳುತ್ತಿರಲಿಲ್ಲ. ಅಣ್ಣತಮ್ಮಂದಿರು ಜಗಳವಾಡಿದರೂ, ಹೊಸ್ತಿಲ ಪೆಟ್ಟು ಹಾಕಿದವಳು ಯಾರು ಎಂದು ಹಿರಿಯರು ಕೇಳಿದರೆ ಅಲ್ಲಿಗೆ ಜಗಳ ಮುಗಿಯುತ್ತಿತ್ತು.

ಇನಾಸ ಕಟ್ಟಿದ ಪುಟ್ಟ ಮನೆಯಲ್ಲಿ ಕಾರ್ಮಿಣ ಆ ಪೆಟ್ಟು ಹಾಕಿದ್ದು ನನ್ನಿಂದಲೇ. ಪ್ರತಿವರ್ಷ ಕ್ರಿಸ್ಮಸ್ಸಿಗೆ ಮುಂಚೆ ಆ ನೆಲವನ್ನು ಸಗಣಿ, ಇದ್ದಿಲುಗಳಿಂದ ಸಾರಿಸಿ ಕನ್ನಡಿಯ ಹಾಗೆ ಮಾಡುತ್ತಿದ್ದಳು. ಬೇಸಗೆಯಲ್ಲಿ ಅದು ತಂಪು, ಚಳಿಯಲ್ಲಿ ಬೆಚ್ಚಗೆ. ಸಂಜೆ ಮೂವರೂ ಆ ನೆಲದ ಮೇಲೆ ಮೊಣಕಾಲೂರಿ ಜಪಮಾಲೆ ಹೇಳುತ್ತಿದ್ದರು. ಮೂಲೆಯಲ್ಲಿ ಒರಗಿದ್ದ ನನಗೆ ಅವರ ಅಂಗಾಲುಗಳು ಮಾತ್ರ ಕಾಣುತ್ತಿದ್ದವು. ಇನಾಸನ ಅಂಗಾಲಿನಲ್ಲಿ ಹಳೆಯ ಮುಳ್ಳಿನ ಕಲೆ. ಲುಯಿಜಾಬಾಯಿಯದು ಬಿರುಕು ಬಿಟ್ಟ ಗದ್ದೆಯಂತೆ. ಮಕ್ಕಳನ್ನು ದೇವರು ಅವರಿಗೆ ಕೊಡಲಿಲ್ಲ.

ಒಂದು ಚಳಿಗಾಲ ಇನಾಸನಿಗೆ ಜ್ವರ ಬಂತು. ಇಳಿಯಲೇ ಇಲ್ಲ. ಅವನನ್ನು ಆ ನೆಲದ ಮೇಲೆಯೇ ಇಳಿಸಿ ಮಲಗಿಸಿದರು. ಅವನ ಪ್ರಾಣ ಅಲ್ಲಿಯೇ ಹೋಯಿತು. ಮಾರನೆಯ ದಿನ ಕಾರ್ಮಿಣ ಅವನು ಮಲಗಿದ್ದ ಜಾಗವನ್ನು ಸಾರಿಸಲಿಲ್ಲ. ಲುಯಿಜಾಬಾಯಿ ಕೂಡ ಸಾರಿಸೆಂದು ಹೇಳಲಿಲ್ಲ. ಬಹಳ ದಿನಗಳ ಮೇಲೆ ಇಬ್ಬರೂ ಒಟ್ಟಿಗೆ ಕುಳಿತು ಅದನ್ನು ಸಾರಿಸಿದರು. ನನ್ನನ್ನು ಮಾಡಿದವನು ಹೋದ ಮೇಲೂ ನನ್ನ ಹಿಡಿಕೆಯಲ್ಲಿ ಅವನ ಬಾಚಿಯ ಗುರುತು ಉಳಿದಿತ್ತು. ಕಾರ್ಮಿಣಳ ಹೆಬ್ಬೆರಳು ಕೆಲಸವಿಲ್ಲದ ಹೊತ್ತಿನಲ್ಲಿ ಆ ಗುರುತನ್ನು ಸವರುತ್ತಿತ್ತು.

ಆ ಕೇರಿ ನಿಂತಿದ್ದ ನೆಲ ಒಬ್ಬ ಜಮೀನುದಾರನದು. ತಲೆಮಾರುಗಳಿಂದ ಸಿದ್ದಿಗಳು ಅವನ ಗದ್ದೆಗಳಲ್ಲಿ ದುಡಿದು, ಅವನ ಜಾಗದಲ್ಲಿ ಮನೆ ಕಟ್ಟಿಕೊಂಡು ಇದ್ದರು. ಅವನ ಮೊಮ್ಮಗ ಆ ಜಮೀನನ್ನು ಕಾಡಿನಂಚಿನವರೆಗೂ ಒಂದು ಕಂಪನಿಗೆ ಮಾರಿದ. ಕಂಪನಿಯವರು ಕೆಟ್ಟ ಮಾತಾಡುವವರಲ್ಲ. ಪಟ್ಟಣದ ಜನ ಬಂದು ಇರಲು ಮಣ್ಣಿನ ಮನೆಗಳನ್ನು ಕಟ್ಟುತ್ತೇವೆ, ಸಿಮೆಂಟು ಮುಟ್ಟುವುದಿಲ್ಲ, ಮರ ಕಡಿಯುವುದಿಲ್ಲ, ಮಳೆಯ ನೀರನ್ನೆಲ್ಲ ಹಿಡಿದಿಡುತ್ತೇವೆ ಎಂದರು. ಆ ಬಡಾವಣೆಗೆ 'ಮಣ್ಣಿನ ಮಡಿಲು' ಎಂದು ಹೆಸರಿಟ್ಟರು. ಹಳ್ಳದ ದಂಡೆ ಮಾತ್ರ ಖಾಲಿಯಾಗಬೇಕು, ಅಲ್ಲಿ ಕಾಡು ಬೆಳೆಸಬೇಕು, ಇಲ್ಲವಾದರೆ ನೀರು ಕೆಡುತ್ತದೆ ಎಂದರು. ಆ ನೀರು ಇಷ್ಟು ಕಾಲ ಕೆಡದೆ ಇದ್ದದ್ದು ಹೇಗೆಂದು ಯಾರೂ ಕೇಳಲಿಲ್ಲ.

ವ್ಯವಸ್ಥಾಪಕ ಶಿರಗುಪ್ಪಿಯವರು ಕೇರಿಗೆ ಬಂದು ಚಪ್ಪಲಿ ಬಿಟ್ಟು ಕುಳಿತರು. ಕೊಟ್ಟ ಚಹಾ ಕುಡಿದರು. "ಯಾರನ್ನೂ ಬೀದಿಗೆ ಹಾಕಂಗಿಲ್ಲ," ಎಂದರು. "ನೀವ ಕಟ್ಟಬೇಕು, ನೀವೂ ಇರಬೇಕು. ಕಡೀ ಸಾಲಿನ ಮನಿ ಅದಾವಲ್ಲ, ಅವು ನಿಮಗ."

ಅವರು ಆ ದಿನ ಸುಳ್ಳು ಹೇಳಿದರೆಂದು ನಾನು ಹೇಳಲಾರೆ. ಆ ಹೊತ್ತಿಗೆ ಅವರಿಗೂ ಅದು ನಿಜವೆಂದೇ ತೋರಿದ್ದಿರಬಹುದು.

ಕೆಲಸ ಶುರುವಾಯಿತು. ಮನೆಗಳ ನಕ್ಷೆ ತೆಗೆದವಳು ವೈಜಯಂತಿ ಎಂಬ ಬೆಳಗಾವಿಯ ಹೆಣ್ಣುಮಗಳು. ಒಳ್ಳೆಯವಳು. ಮಣ್ಣಿನ ಹದವನ್ನು ಲುಯಿಜಾಬಾಯಿಯ ಪಕ್ಕದಲ್ಲಿ ಕುಳಿತು ಕೈಯಿಂದ ಕಲಸಿಯೇ ಕಲಿತಳು. ನಾವು ಆ ಎರಡು ಬೇಸಗೆಗಳಲ್ಲಿ ಬಡಿದಷ್ಟು ನೆಲವನ್ನು ಜೀವಮಾನದಲ್ಲಿ ಬಡಿದಿರಲಿಲ್ಲ. ದೊಡ್ಡ ದೊಡ್ಡ ಕೋಣೆಗಳು. ಹಾಡು ಈ ಗೋಡೆಯಿಂದ ಆ ಗೋಡೆಗೆ ಹೋಗಿ ಮರಳಿ ಬರುತ್ತಿತ್ತು. ದೊಡ್ಡ ಮನೆಗಳ ಹೊಸ್ತಿಲ ಬಳಿ ಒಂದು ಗೇಣು ಜಾಗ ಬಿಟ್ಟು ಹೆಂಗಸರು ಏಳುತ್ತಿದ್ದರು. ಯಜಮಾನಿ ಇನ್ನೂ ಬಂದಿರಲಿಲ್ಲವಲ್ಲ. ಆ ಜಾಗವನ್ನು ಕಂಪನಿಯ ಗಂಡಾಳುಗಳು ತುಂಬುತ್ತಿದ್ದರು.

ಕಡೆಯ ಸಾಲಿನ ಮನೆಗಳು ಚಿಕ್ಕವು, ಅಚ್ಚುಕಟ್ಟಾದವು. ಕಿಟಕಿಯಿಂದ ಹಳ್ಳದ ಬದಿಯ ಮರಗಳು ಕಾಣುತ್ತಿದ್ದವು. ಮೊದಲನೆಯ ಮನೆಯ ನೆಲ ಮುಗಿಯುವ ದಿನ ವೈಜಯಂತಿ ಛಾಯಾಗ್ರಾಹಕನನ್ನು ಕರೆದುಕೊಂಡು ಬಂದಳು. ಹೊಸ್ತಿಲ ಪೆಟ್ಟಿನ ಸಂಗತಿಯನ್ನು ಅವಳು ಲುಯಿಜಾಬಾಯಿಯಿಂದ ಕೇಳಿದ್ದಳು. ಅದು ಅವಳ ಮನಸ್ಸನ್ನು ಬಹಳ ಮುಟ್ಟಿತ್ತು.

"ಕಾರ್ಮಿಣ್‌ಬಾಯಿ, ಈ ಮನೀದು ಹೊಸ್ತಿಲದ ಪೆಟ್ಟು ನೀವ ಹಾಕ್ರಿ," ಎಂದಳು.

ಹೆಂಗಸರ ಮಣೆಗಳು ನಿಂತವು. ಕಾರ್ಮಿಣ ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ನಾನ ಹಾಕಲೇನ್ರಿ?" ಎಂದು ಕೇಳಿದಳು.

"ಮತ್ತ ಯಾರು? ನೀವ ಹಾಕಬೇಕು."

ಕಾರ್ಮಿಣ ಶಿಲುಬೆಯ ಗುರುತು ಮಾಡಿಕೊಂಡಳು. ನನ್ನನ್ನು ಎತ್ತಿದಳು. ಇನಾಸನ ಮನೆಯಲ್ಲಿ ಹೊಡೆದದ್ದಕ್ಕಿಂತ ಜೋರಾಗಿ ಹೊಡೆದಳು. ಹೆಂಗಸರು ಅತ್ತರು, ಹಾಡಿದರು. ಫೋಟೋ ತೆಗೆಯುವವನು ನೆಲಕ್ಕೆ ಅಡ್ಡಬಿದ್ದು ತೆಗೆದದ್ದೇ ತೆಗೆದದ್ದು. ಆ ವಾರದಲ್ಲಿ ಉಳಿದ ಮನೆಗಳಲ್ಲಿಯೂ ಕೇರಿಯ ಒಬ್ಬೊಬ್ಬ ಹೆಂಗಸು ತನ್ನ ತನ್ನ ಹೊಸ್ತಿಲ ಪೆಟ್ಟು ಹಾಕಿದಳು. ಯಾರೂ ತಡೆಯಲಿಲ್ಲ.

ಇಲ್ಲಿಯೇ ಆ ಜನ ತಪ್ಪಿದ್ದು. ಆ ಪೆಟ್ಟು ಬಿದ್ದ ಮೇಲೆ ಇನ್ನೇನನ್ನೂ ಕೇಳಬೇಕೆಂದು ಅವರಿಗೆ ಹೊಳೆಯಲಿಲ್ಲ. ಕಂಪನಿಯವರು ಹಳೆಯ ಕೇರಿಯನ್ನು ಬಿಡಿ ಎಂದು ಎರಡನೆಯ ಸಲ ಹೇಳಬೇಕಾಗಲೂ ಇಲ್ಲ. ಹೊಸ ಮನೆ ತಮ್ಮದಾಗಿದೆಯೆಂದು ಅವರೇ ಹಂಚು ಇಳಿಸಿದರು, ಅವರೇ ಗೋಡೆ ಕೆಡವಿ ಮಣ್ಣನ್ನು ಮಣ್ಣಿಗೆ ಹರಡಿದರು. ಇನಾಸ ಮಲಗಿ ಸತ್ತ ನೆಲವನ್ನು ಕಾರ್ಮಿಣ ತಾನೇ ಅಗೆದಳು. ಗೃಹಪ್ರವೇಶದ ದಿನ ಗೊತ್ತಾಗುವವರೆಗೆ ಎಲ್ಲರೂ ಯೇಸುಸ್ವಾಮಿಯ ಇಗರ್ಜಿಯ ಶಾಲೆಯ ಜಗಲಿಯಲ್ಲಿ ಇದ್ದರು.

ಆ ನಡುವೆ ಮನೆ ಕೊಳ್ಳುವವರ ಸಭೆ 'ಮಣ್ಣಿನ ಮಡಿಲಿ'ನ ದೊಡ್ಡ ಹಜಾರದಲ್ಲಿ ನಡೆಯಿತು. ಹಜಾರದ ನೆಲಕ್ಕೆ ಒಪ್ಪ ಹಾಕುವ ಕೆಲಸ ಉಳಿದಿದ್ದರಿಂದ ನಾನು ಅಲ್ಲೇ ಮೂಲೆಯಲ್ಲಿದ್ದೆ. ಬರಿಗಾಲಲ್ಲಿ ನಡೆದು, ಎಷ್ಟು ತಂಪು ಎಂದು ಎಲ್ಲರೂ ಮೆಚ್ಚಿಕೊಂಡರು. ಭೂಮಿ ಬಿಸಿಯಾಗುತ್ತಿರುವ ಬಗ್ಗೆ ಒಬ್ಬರು ಕಳವಳದಿಂದ ಮಾತಾಡಿದರು. ಆಮೇಲೆ ಕಡೆಯ ಸಾಲಿನ ಮಾತು ಬಂತು. ಅವರು ಆಫ್ರಿಕದವರೇ ಎಂದು ಒಬ್ಬಾಕೆ ವಿಚಾರಿಸಿದಳು. ಮಕ್ಕಳು ಹೆದರಬಹುದು ಎಂದಳು. ಬಿಳಿಯ ಮೀಸೆಯ ಒಬ್ಬರು ಸಮಾಧಾನದ ದನಿಯಲ್ಲಿ ಹೇಳಿದರು: "ಕೆಲಸಕ್ಕ ಬೇಕ ಬೇಕು. ಛಲೋ ಮಂದಿ. ಆದ್ರ ಒಂದ ಗೇಟಿನೊಳಗ, ಒಂದ ಸಾಲಿನಾಗ ಇರೂದಂದ್ರ..."

ಅವರು ಮಾತು ಮುಗಿಸಲಿಲ್ಲ. ಮುಗಿಸುವ ಅಗತ್ಯ ಅಲ್ಲಿ ಯಾರಿಗೂ ಕಾಣಲಿಲ್ಲ. ವೈಜಯಂತಿ ಎದ್ದು ಏನೋ ಹೇಳಹೋದಳು. ಶಿರಗುಪ್ಪಿಯವರು ಆಮೇಲೆ ನೋಡೋಣ ಎಂದರು. ಅವಳು ಕುಳಿತಳು.

ಗೃಹಪ್ರವೇಶದ ಬೆಳಿಗ್ಗೆ ಕಾರ್ಮಿಣ ಸ್ನಾನ ಮಾಡಿ, ಇದ್ದ ಒಂದೇ ಒಳ್ಳೆಯ ಸೀರೆ ಉಟ್ಟು, ತಲೆಯ ಮೇಲೆ ಗಂಟು, ಕಂಕುಳಲ್ಲಿ ನನ್ನನ್ನು ಇಟ್ಟುಕೊಂಡು ಹೊರಟಳು. ಲುಯಿಜಾಬಾಯಿ ಅವಳ ಹೆಗಲು ಹಿಡಿದು ಬಂದಳು. ಮುದುಕಿಗೆ ಆಗಲೇ ಕಣ್ಣು ಮಂಜಾಗಿತ್ತು. ಕಡೆಯ ಸಾಲಿನ ಮೊದಲ ಮನೆಗೆ ಬೀಗ ಬಿದ್ದಿತ್ತು. ಬಾಗಿಲಿನ ಪಕ್ಕದ ಹಲಗೆಯ ಮೇಲೆ ಬೇರೆ ಯಾರದೋ ಹೆಸರು. ಕೇರಿಯ ಉಳಿದವರೂ ತಮ್ಮ ತಮ್ಮ ಬಾಗಿಲುಗಳ ಮುಂದೆ ಗಂಟು ಹೊತ್ತು ನಿಂತಿದ್ದರು.

ಶಿರಗುಪ್ಪಿಯವರು ಬಂದು, ಯೋಜನೆ ಸ್ವಲ್ಪ ಬದಲಾಗಿದೆ, ನಿಮಗೆಲ್ಲ ಹೆದ್ದಾರಿಯ ಪಕ್ಕದಲ್ಲಿ ಪಕ್ಕಾ ಮನೆ ಕಟ್ಟಿಸಿದ್ದೇವೆ ಎಂದು ತಿಳಿಸಿದರು. ಸಿಮೆಂಟಿನ ಮನೆ, ಕರೆಂಟು ಇದೆ, ಬಸ್ಸು ಬಾಗಿಲಿಗೇ ಬರುತ್ತದೆ ಎಂದರು. ಇಲ್ಲಿ ಕೆಲಸವೂ ತಪ್ಪುವುದಿಲ್ಲ ಎಂದರು.

ಕಾರ್ಮಿಣ ಅವರನ್ನು ನೋಡಲಿಲ್ಲ. ಹಿಂದೆ ನಿಂತಿದ್ದ ವೈಜಯಂತಿಯನ್ನು ನೋಡಿದಳು. "ಬಾಯೀ, ಹೊಸ್ತಿಲದ ಪೆಟ್ಟು ಹಾಕು ಅಂದಾಕಿ ನೀವ ಅಲ್ಲೇನ್ರಿ?"

ವೈಜಯಂತಿಯ ಕಣ್ಣುಗಳು ತುಂಬಿದ್ದವು. "ನಾ ಫೋಟೋಕ್ಕಂತ ಹೇಳಿದ್ದೆ, ಕಾರ್ಮಿಣ್‌ಬಾಯಿ. ಮನಿ ಕೊಡೂದು ನನ್ನ ಕೈಯಾಗ ಇಲ್ಲ."

"ಫೋಟೋಕ್ಕಂತ ಯಾರರ ಲಗ್ನಾ ಆಗ್ತಾರೇನ್ರಿ?" ಎಂದಳು ಕಾರ್ಮಿಣ. ಧ್ವನಿ ಏರಿರಲಿಲ್ಲ. "ನಿಮ್ಮ ಕೈಯಾಗ ಇಲ್ಲಾಂದ್ರ ಕೊಡಬಾರದಿತ್ತು."

ಲುಯಿಜಾಬಾಯಿಗೆ ಏನು ನಡೆಯುತ್ತಿದೆಯೆಂದು ಪೂರ್ತಿ ತಿಳಿಯಲಿಲ್ಲ. ಕೈ ಚಾಚಿ ಬಾಗಿಲನ್ನು ತಡವಿದಳು. ಬೀಗ ಬೆರಳಿಗೆ ಸಿಕ್ಕಿತು. ಅದನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದಳು. "ನಡಿ ಸೊಸಿ," ಎಂದಳು ಆಮೇಲೆ. "ಬಿಸಿಲು ಏರಾಕತ್ತೇತಿ."

ಹೆದ್ದಾರಿಯ ಪಕ್ಕದ ಆ ಜಾಗದಲ್ಲಿ ಒಂದು ಮರವೂ ಇರಲಿಲ್ಲ. ಸಿಮೆಂಟಿನ ಗೋಡೆ, ತಗಡಿನ ಮಾಡು, ಸಿಮೆಂಟಿನ ನೆಲ. ಮಧ್ಯಾಹ್ನವಾದರೆ ತಗಡು ಟಕಟಕ ಸದ್ದು ಮಾಡುತ್ತಿತ್ತು. ನೆಲ ಕಾವಲಿಯಂತೆ ಕಾಯುತ್ತಿತ್ತು. ಮನೆ ಕೊಡುತ್ತೇವೆಂದಿದ್ದೆವು, ಕೊಟ್ಟಿದ್ದೇವೆ ಎಂಬುದು ಕಂಪನಿಯ ಮಾತು. ಅದಕ್ಕೆ ಉತ್ತರ ಕೊಡಬೇಕೆಂದು ಕೇರಿಯ ಗಂಡಸರು ಕೆಲವು ಕಚೇರಿಗಳ ಮೆಟ್ಟಿಲು ಹತ್ತಿದರು. ಅಲ್ಲಿ ಅವರನ್ನು ಮೊದಲು ಕೇಳಿದ್ದು, ನೀವು ಯಾವ ದೇಶದವರು ಎಂದು. ಮಣೆಗಳಿಗೆ ಕೆಲಸವಿರಲಿಲ್ಲ. ಒಂದೆರಡನ್ನು ಬಾಗಿಲಿಗೆ ಅಡ್ಡ ಇಟ್ಟರು, ಒಂದರ ಮೇಲೆ ಪಾತ್ರೆ ತೊಳೆದರು, ಕೆಲವು ಒಲೆಗೆ ಹೋದವು. ಹಳೆಬಟ್ಟೆಯ ಗಂಟಿನ ಕೆಳಗೆ ಬಿದ್ದಿದ್ದ ನನಗೆ ಆ ಸುದ್ದಿ ಹೊಗೆಯ ವಾಸನೆಯಿಂದಲೇ ತಿಳಿಯಿತು.

ಅಲ್ಲಿನ ಎರಡನೆಯ ಬೇಸಗೆಗೆ ಲುಯಿಜಾಬಾಯಿ ಹಾಸಿಗೆ ಹಿಡಿದಳು. ಬೆನ್ನೆಲ್ಲ ಬೆಂದುಹೋಗಿತ್ತು. ಅವಳು ಬೇರೇನೂ ಬೇಡಲಿಲ್ಲ. ತನ್ನನ್ನು ನೆಲದ ಮೇಲೆ ಮಲಗಿಸಿರೆಂದು ಬೇಡಿದಳು. ಸಿಮೆಂಟಿನ ಮೇಲೆ ಮಲಗಿಸಿದರೆ, "ಇದಲ್ಲ, ನೆಲದ ಮ್ಯಾಲೆ," ಎನ್ನುತ್ತಿದ್ದಳು.

ಕಾರ್ಮಿಣ ಕೇರಿಯ ಹೆಂಗಸರನ್ನು ಕರೆದಳು. ಹಳೆಯ ಕೇರಿಯ ಮಣ್ಣು ತರಲು ಹೋದರೆ ಅಲ್ಲಿ ತಂತಿಬೇಲಿ, ಬೇಲಿಗೆ 'ಜೀವವೈವಿಧ್ಯ ವನ, ಪ್ರವೇಶವಿಲ್ಲ' ಎಂಬ ಫಲಕ. ಕಾವಲುಗಾರ ಬಿಡಲಿಲ್ಲ. ರಸ್ತೆಗೆಂದು ಗುಡ್ಡ ಕಡಿದ ಕಡೆಯಿಂದ ಕೆಮ್ಮಣ್ಣು ಹೊತ್ತು ತಂದರು. ಸಿಮೆಂಟಿನ ಮೇಲೆಯೇ, ಬಾಗಿಲಿನಿಂದ ಒಳಗೋಡೆಯವರೆಗೆ, ಒಬ್ಬ ಮನುಷ್ಯ ಮಲಗುವಷ್ಟು ಅಗಲ ಹಾಸಿದರು. ಉಳಿದಿದ್ದ ಮಣೆಗಳು ಬಂದವು. ಮಣೆಯಿಲ್ಲದವರು ಚಪ್ಪಟೆ ಕಲ್ಲು ತಂದರು. ಬಹಳ ದಿನಗಳ ಮೇಲೆ ಹಾಡು ಎದ್ದಿತು. ಆದರೆ ಸಿಮೆಂಟಿನ ಮೇಲಿನ ಮಣ್ಣು ನಮ್ಮ ಪೆಟ್ಟನ್ನು ಹೀರಿಕೊಳ್ಳುವುದಿಲ್ಲ, ಹಿಂದಕ್ಕೆ ಎಸೆಯುತ್ತದೆ. ಕೆಲಸ ಮುಗಿಯುವ ಹೊತ್ತಿಗೆ ನನ್ನ ಅಡಿಯಲ್ಲಿ ಒಂದು ಸೀಳು ಬಿಟ್ಟಿತ್ತು.

ಹೊಸ್ತಿಲ ಹತ್ತಿರ ಎಲ್ಲರೂ ನಿಂತರು. ಕಾರ್ಮಿಣ ನನ್ನನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಎತ್ತಲಿಲ್ಲ. ಕಾದು ಕಾದು ಒಬ್ಬೊಬ್ಬರೇ ಎದ್ದು ಹೋದರು.

ಮಣ್ಣು ಪೂರ್ತಿ ಆರುವಷ್ಟು ವ್ಯವಧಾನ ಇರಲಿಲ್ಲ. ಮಾರನೆಯ ದಿನ ಮುದುಕಿಯನ್ನು ಅದರ ಮೇಲೆ ಮಲಗಿಸಿದರು. ಅವಳು ಕೈ ಬಿಚ್ಚಿ ನೆಲವನ್ನು ಸವರಿದಳು. ಮುಖದಲ್ಲಿ ಸ್ವಲ್ಪ ನೆಮ್ಮದಿ ಬಂತು.

"ಹೊಸ್ತಿಲಕ್ಕ ಹಾಕಿದ್ಯಾ?" ಎಂದು ಕೇಳಿದಳು.

"ಹಾಕೀನಿ, ಆಯಿ."

"ಕೇಳಸಲಿಲ್ಲಲ್ಲ."

"ನಿಮಗ ನಿದ್ದಿ ಬಂದಿತ್ತು. ಮೆತ್ತಗ ಹಾಕಿದೆ."

ಮುದುಕಿ ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ. ಇಗರ್ಜಿಯ ಗುರುಗಳು ಬಂದು ಕಡೆಗಾಲದ ಎಣ್ಣೆ ಹಚ್ಚಿ ಪ್ರಾರ್ಥಿಸಿದರು. ಸಂಜೆಯ ಜಪಮಾಲೆ ಅರ್ಧಕ್ಕೆ ಬಂದಾಗ ಅವಳ ಉಸಿರು ನಿಂತಿತು. ಕಾರ್ಮಿಣ ಜಪಮಾಲೆಯನ್ನು ಪೂರ್ತಿ ಮಾಡಿಯೇ ಅತ್ತಳು.

ಆ ಮಣ್ಣನ್ನು ಅವಳು ಕೆಲವು ದಿನಗಳ ಮೇಲೆ ಕೆರೆದು ಹೊರಗೆ ಹಾಕಿದಳು. ನನ್ನನ್ನು ಮತ್ತೆ ಎತ್ತಲಿಲ್ಲ.

ವೈಜಯಂತಿ ಒಮ್ಮೆ ಆ ಸಿಮೆಂಟಿನ ಮನೆಗೆ ಬಂದಿದ್ದಳು. ಕಂಪನಿಯ ಕೆಲಸ ಬಿಟ್ಟಿರುವುದಾಗಿ ಹೇಳಿದಳು. ಕೆಲಸ ಬಿಡುವ ಮುಂಚೆ, ಹಜಾರದಲ್ಲಿ ಈ ಜನರ ಕಸುಬಿನ ಗುರುತು ಏನಾದರೂ ಇರಲೇಬೇಕೆಂದು ಹಟ ಹಿಡಿದು ಒಪ್ಪಿಸಿದ್ದಾಳಂತೆ; ಒಂದು ಮಣೆ ಬೇಕಂತೆ. ಕಾರ್ಮಿಣ ನನ್ನನ್ನು ತೆಗೆದು ಕೊಟ್ಟಳು. "ಮಾಡಿದವನ ಹೆಸರು ಇನಾಸ ಸಿದ್ದಿ ಅಂತ ಬರೀರಿ," ಎಂದಷ್ಟೇ ಹೇಳಿದಳು. ವೈಜಯಂತಿ ಬರೆದುಕೊಂಡಳು. ಫಲಕ ಬರೆಸಿದವರು ಬೇರೆಯವರು. ಅದರಲ್ಲಿ 'ನೆಲ ಬಡಿಯುವ ಪಾರಂಪರಿಕ ಸಾಧನ' ಎಂದು ಮಾತ್ರ ಇದೆ.

ಈಗ ನಾನು ಆ ಹಜಾರದ ಗೋಡೆಯ ಮೇಲಿದ್ದೇನೆ. ನನ್ನ ಮೇಲೆ ಒಂದು ಪುಟ್ಟ ದೀಪ ಉರಿಯುತ್ತದೆ. ಧೂಳು ಕೂರದಂತೆ ನೋಡಿಕೊಳ್ಳುತ್ತಾರೆ. 'ಮಣ್ಣಿನ ಮಡಿಲಿ'ಗೆ ಪ್ರಶಸ್ತಿಗಳು ಬಂದಿವೆ. ದೂರದ ಊರುಗಳಿಂದ ನೋಡಲು ಬರುತ್ತಾರೆ. ನಾವು ಬಡಿದ ನೆಲ ಚೆನ್ನಾಗಿಯೇ ಇದೆ. ಅದರ ಮೇಲೆ ಓಡಾಡುವವರಲ್ಲಿ ದುಷ್ಟರು ಯಾರೂ ಇಲ್ಲ. ಮರವನ್ನು ಪ್ರೀತಿಸುತ್ತಾರೆ, ಹಕ್ಕಿಗೆ ನೀರಿಡುತ್ತಾರೆ. ಮಣ್ಣನ್ನು ಇಷ್ಟು ಪ್ರೀತಿಸುವವರಿಗೆ, ಅದನ್ನು ಕಲಸಿದ ಕೈಗಳ ಪಕ್ಕದಲ್ಲಿ ಬಾಳುವುದು ಏಕೆ ಕಷ್ಟವಾಯಿತೋ ನನ್ನ ಮರದ ಬುದ್ಧಿಗೆ ತಿಳಿಯದು. ಮನುಷ್ಯನನ್ನು ಮಣ್ಣಿನಿಂದಲೇ ಮಾಡಿದನಂತೆ ದೇವರು. ಯಾರನ್ನು ಯಾವ ದಂಡೆಯ ಮಣ್ಣಿನಿಂದ ಮಾಡಿದನೆಂದು ಅವನು ಎಲ್ಲಿಯೂ ಹೇಳಿಲ್ಲ.

ಕಾರ್ಮಿಣ ಪ್ರತಿದಿನ ಬರುತ್ತಾಳೆ. ಈ ಹಜಾರವನ್ನು ಒರೆಸುವ ಕೆಲಸ ಈಗ ಅವಳದು. ತಲೆಯಲ್ಲಿ ಕಪ್ಪು ಕೂದಲು ಉಳಿದಿಲ್ಲ.

ಒಂದು ದಿನ ನೋಡಲು ಬಂದ ಗುಂಪಿನಿಂದ ಒಬ್ಬ ತಾಯಿ ಹಿಂದೆ ಉಳಿದು, ನನ್ನ ಕಡೆ ಕೈ ತೋರಿಸಿ, ಒರೆಸುತ್ತಿದ್ದ ಕಾರ್ಮಿಣಳನ್ನು ವಿಶ್ವಾಸದಿಂದ ಕೇಳಿದಳು: "ಇದನ್ನ ಹೇಗೆ ಹಿಡೀತಾರೆ, ನಿಮಗೆ ಗೊತ್ತಾಮ್ಮ?"

ಕಾರ್ಮಿಣ ತಲೆ ಎತ್ತಿ ನನ್ನನ್ನು ನೋಡಿದಳು. ಬಹಳ ಹೊತ್ತೇ ನೋಡಿದಳು.

"ಗೊತ್ತಿಲ್ರಿ," ಎಂದಳು. ಬಕೆಟ್ಟು ಎತ್ತಿಕೊಂಡು ಮುಂದಿನ ಕೋಣೆಗೆ ಹೋದಳು.

ನನಗೆ ನೋವಾಗಲಿಲ್ಲ. ಗೊತ್ತು ಎಂದಿದ್ದರೆ, ಆ ತಾಯಿ ಒಳ್ಳೆಯ ಮನಸ್ಸಿನಿಂದಲೇ ಇನ್ನೊಂದು ಮಾತು ಕೇಳುತ್ತಿದ್ದಳು: ಹಾಗಾದರೆ ನಿಮ್ಮ ಮನೆ ಇಲ್ಲಿ ಯಾವುದು ಎಂದು.